ಲೆಕ್ಕಕ್ಕೆ ಸಿಗದೆ ಕರಗಿದ ಕಾವೇರಿಯ ಮೀನು

ಕೇಳುಗರೆಲ್ಲರಿಗೂ ನಮಸ್ಕಾರ.

ಪಿಯುಸಿ ಜೀವಶಾಸ್ತ್ರದಲ್ಲಿ ಮೂರು ಪಾಠಗಳು ಒಂದರಿಂದ ಒಂದು ಬಹಳ ದೂರದಲ್ಲಿವೆ. ಜೀವಿಗಳ ವರ್ಗೀಕರಣ ಮೊದಲ ವರ್ಷದ ಆರಂಭದಲ್ಲೇ ಬರುತ್ತದೆ. ಜೀವಿಸಂಖ್ಯೆ ಏರುವ, ಇಳಿಯುವ ಬಗೆಯನ್ನು ಎರಡನೆಯ ವರ್ಷದ ಕೊನೆಯ ಭಾಗದಲ್ಲಿ ಓದುತ್ತಾರೆ. ಪ್ರಭೇದಗಳ ಅಳಿವು ಅದಕ್ಕೂ ಆಚೆ, ಪರೀಕ್ಷೆ ಹತ್ತಿರ ಬಂದಿರುವಾಗ, ಅವಸರದಲ್ಲಿ ಮುಗಿದುಹೋಗುತ್ತದೆ. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಎರಡು ವರ್ಷ ಕಳೆದ ಮೇಲೆ ಅಳಿವಿನ ಪಾಠಕ್ಕೆ ಬಂದಾಗ, ಆ ಏಳು ಮೆಟ್ಟಿಲುಗಳಿಗೂ ಈ ಅಳಿವಿಗೂ ಏನು ಸಂಬಂಧ ಎಂದು ಯಾರೂ ಕೇಳುವುದಿಲ್ಲ. ನಾವು ಹೇಳುವುದೂ ಇಲ್ಲ.

ಈ ಮೂರೂ ಒಂದೇ ಪಾಠ ಎಂಬುದು ನನ್ನ ವಾದ. ಯಾವುದು ಯಾವ ಪ್ರಭೇದ ಎಂದು ಬಿಡಿಸಿ ಗುರುತಿಸಲಾಗದಿದ್ದರೆ ಎಣಿಸಲಾಗದು. ಎಣಿಸಲಾಗದಿದ್ದರೆ ಅದು ಕಡಿಮೆಯಾಗುತ್ತಿದೆ ಎಂಬುದೇ ತಿಳಿಯದು. ಇದಕ್ಕೆ ಸಾಕ್ಷಿ ಹುಡುಕಿಕೊಂಡು ಅಮೆಜಾನಿಗೋ ಆಫ್ರಿಕಕ್ಕೋ ಹೋಗಬೇಕಾಗಿಲ್ಲ. ಕಾವೇರಿಯ ಒಂದು ಮೀನಿನ ಕಥೆ ಸಾಕು.

ಕಾವೇರಿಯ ದಡದವರು ಬಿಳಿಮೀನು ಎನ್ನುವ, ಹೊರಗಿನವರು ಮಹಶೀರ್ ಎನ್ನುವ ಮೀನನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಶೃಂಗೇರಿಯ ತುಂಗೆಯ ಮೆಟ್ಟಿಲುಗಳ ಬಳಿ ಪುರಿ ಎರಚಿದಾಗ ಮೈಮೇಲೆ ಮೈ ಬಿದ್ದು ಬರುವ ದೊಡ್ಡ ಮೀನುಗಳು ಈ ಬಳಗದವು. ಶಿಶಿಲದಲ್ಲಿ ಕಪಿಲೆಯ ದೇವರ ಮೀನುಗಳು, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮಡುವಿನ ಮೀನುಗಳು, ಇವೂ ಅದೇ ಬಳಗ. ನಾವು ತಿನ್ನುವ ಕಟ್ಲಾ, ರೋಹು ಸೇರಿರುವ ಕುಟುಂಬಕ್ಕೇ ಮಹಶೀರ್ ಕೂಡ ಸೇರುತ್ತದೆ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲುಗಳಿರುವುದು ಗಂಟಲಿನಲ್ಲಿ. ನುಂಗಿದ ಏಡಿಯ ಚಿಪ್ಪನ್ನು ಅಲ್ಲೇ ಪುಡಿಮಾಡುತ್ತದೆ. ಬಾಯಿಯ ಇಕ್ಕೆಲಗಳಲ್ಲಿ ಎರಡೆರಡು ಮೀಸೆ, ದಪ್ಪ ತುಟಿ, ಮೈತುಂಬ ಅಗಲವಾದ ಹುರುಪೆ. ಆ ಹುರುಪೆಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಬೆಳವಣಿಗೆಯ ವರ್ತುಲಗಳು ಕಾಣುತ್ತವೆ. ಮೀನು ವೇಗವಾಗಿ ಬೆಳೆದ ಕಾಲದಲ್ಲಿ ವರ್ತುಲಗಳು ಬಿಡಿಬಿಡಿಯಾಗಿ, ಬೆಳವಣಿಗೆ ಕುಂಠಿತವಾದ ಕಾಲದಲ್ಲಿ ಒತ್ತೊತ್ತಾಗಿ ಇರುತ್ತವೆ. ಕಾಲೇಜಿನ ಪ್ರಯೋಗಾಲಯದಲ್ಲೇ ಮಾಡಬಹುದಾದ ಕೆಲಸ ಇದು. ಮಾರುಕಟ್ಟೆಯಿಂದ ತಂದ ಯಾವ ಗೆಂಡೆಮೀನಿನ ಹುರುಪೆಯಾದರೂ ಆದೀತು.

ಇನ್ನು ಕಥೆಗೆ ಬರೋಣ. ಕಾವೇರಿಯಲ್ಲಿ ಈ ಮೀನು ಎರಡು ರೂಪಗಳಲ್ಲಿ ಕಾಣುತ್ತಿತ್ತು. ಒಂದರ ಈಜುರೆಕ್ಕೆಗಳು ನೀಲಿಛಾಯೆಯವು, ಬೆನ್ನು ನಯವಾಗಿ ಬಾಗಿದ್ದು. ಇನ್ನೊಂದಕ್ಕೆ ತಲೆಯ ಹಿಂದಿನಿಂದಲೇ ಕಡಿದಾಗಿ ಏರುವ ಗೂನು, ಹೊಂಬಣ್ಣದ ಮೈ, ಕಿತ್ತಳೆ ಬಣ್ಣದ ಬಾಲ. ಅನುಕೂಲಕ್ಕಾಗಿ ಇವನ್ನು ನೀಲಿರೆಕ್ಕೆ, ಗೂನುಬೆನ್ನು ಎಂದು ಕರೆಯುತ್ತೇನೆ. ದೈತ್ಯನಾಗಿ ಬೆಳೆಯುತ್ತಿದ್ದುದು ಗೂನುಬೆನ್ನಿನದು. ಮೈಸೂರಿನಲ್ಲಿ ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ಜೀವಂತ ರೂಪ ಕೊಡುತ್ತಿದ್ದ ವ್ಯಾನ್ ಇಂಜನ್ ಕುಟುಂಬದ ಡಿ ವೆಟ್ ವ್ಯಾನ್ ಇಂಜನ್ ಅವರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತು. ನಮ್ಮ ಲೆಕ್ಕದಲ್ಲಿ 54 ಕಿಲೋ, ಒಬ್ಬ ಕಾಲೇಜು ಹುಡುಗಿಯ ತೂಕ. ಆ ನದಿಗೆ ಆಗ ಕಬಿನಿ ಅಣೆಕಟ್ಟು ಬಂದಿರಲಿಲ್ಲ.

ಇಷ್ಟು ದೊಡ್ಡ, ಇಷ್ಟು ಹೆಸರಾದ ಮೀನಿಗೆ ಸರಿಯಾದ ವೈಜ್ಞಾನಿಕ ಗುರುತು ಯಾವಾಗ ಸಿಕ್ಕಿತು ಗೊತ್ತೇ? 2018ರಲ್ಲಿ.

ಇದು ಹೇಗಾಯಿತು ಎಂಬುದೇ ವರ್ಗೀಕರಣದ ನಿಜವಾದ ಪಾಠ. ಪ್ರತಿ ಪ್ರಾಣಿಗೂ ಎರಡು ಪದಗಳ ಹೆಸರು ಕೊಡುವ ಪದ್ಧತಿಯನ್ನು ಸ್ವೀಡನ್ನಿನ ಲಿನ್ನೇಯಸ್ 1758ರಲ್ಲಿ ಪ್ರಾಣಿಲೋಕಕ್ಕೆಲ್ಲ ಅನ್ವಯಿಸಿದ. ಆ ಪದ್ಧತಿ ಹಿಡಿದು ಬಂದ ಬ್ರಿಟಿಷ್ ಅಧಿಕಾರಿಗಳು ನಮ್ಮ ನದಿಗಳ ಮೀನುಗಳನ್ನು ಹೆಸರಿಸುತ್ತ ಹೋದರು. ಅವರಲ್ಲಿ ವಿಲಿಯಂ ಸೈಕ್ಸ್ ಎಂಬ ಸೇನಾಧಿಕಾರಿ 1839ರಲ್ಲಿ ದಖ್ಖನಿನ ಮೀನುಗಳನ್ನು ವರ್ಣಿಸುವಾಗ ಖುದ್ರಿ ಎಂದೊಂದನ್ನು, ಮುಸ್ಸುಲ್ಲಾ ಎಂದು ಇನ್ನೊಂದನ್ನು ಹೆಸರಿಸಿದ. ಎರಡೂ ಪುಣೆ ಸೀಮೆಯ ನದಿಗಳವು, ಅಂದರೆ ಕೃಷ್ಣಾ ಕೊಳ್ಳದವು. ಖುದ್ರಿ ಎಂದರೆ ನಮ್ಮ ನೀಲಿರೆಕ್ಕೆ. ಮುಸ್ಸುಲ್ಲಾ ಎಂಬ ಹೆಸರನ್ನು ಮುಂದೆ ಬಂದವರು ಕಾವೇರಿಯ ಗೂನುಬೆನ್ನಿಗೆ ಅಂಟಿಸಿಬಿಟ್ಟರು. ಸೈಕ್ಸ್ ಕಂಡ ಮೀನು ಬೇರೆ, ಕಾವೇರಿಯ ಮೀನು ಬೇರೆ, ಅಷ್ಟೇಕೆ, ಎರಡೂ ಒಂದೇ ಜಾತಿಗೂ ಸೇರಿದವಲ್ಲ ಎಂಬುದು ಇತ್ತೀಚಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಆಗ ಕಾವೇರಿಯ ದೈತ್ಯ ಹೆಸರೇ ಇಲ್ಲದೆ ಉಳಿಯಿತು.

ಇತ್ತ 2007ರಲ್ಲಿ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಚಿಕ್ಕ ಮೀನುಗಳನ್ನು ಹೊಸ ಪ್ರಭೇದವೆಂದು ವರ್ಣಿಸಿದ್ದರು. ಮೀನುತಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಅದಕ್ಕೆ ಟಾರ್ ರೆಮಾದೇವಿ ಎಂದು ಹೆಸರಿಟ್ಟರು. ಪಾಂಬಾರ್ ಪೂರ್ವಕ್ಕೆ ಹರಿಯುವ ಹೊಳೆ. ಅದರ ನೀರು ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುತ್ತದೆ. ಆದರೂ ಕೇರಳದ ಬೆಟ್ಟದ ಹೊಳೆಯ ಈ ಸಣ್ಣ ಮೀನಿಗೂ ಕಬಿನಿಯ 54 ಕಿಲೋದ ದೈತ್ಯನಿಗೂ ಯಾರೂ ತಾಳೆ ಹಾಕಿ ನೋಡಲಿಲ್ಲ. 2018ರಲ್ಲಿ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ತಮಿಳುನಾಡಿನಲ್ಲಿ ಕಾವೇರಿ ಕೊಳ್ಳಕ್ಕೇ ಸೇರಿದ ಮೋಯಾರ್ ನದಿಯಲ್ಲಿ ಸಿಕ್ಕ ಗೂನುಬೆನ್ನಿನ ಮೀನುಗಳ ಮೈಕಟ್ಟನ್ನು ಅಳೆದು, ಡಿಎನ್‌ಎ ಹೋಲಿಸಿ, ಇವೆರಡೂ ಒಂದೇ ಪ್ರಭೇದ ಎಂದು ತೋರಿಸಿಕೊಟ್ಟರು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಗೂನುಬೆನ್ನಿನ ಮಹಶೀರ್ ಸೇರಿತು. ಸೇರಿದ್ದೇ ಅಳಿವಿನ ಅತಿ ಗಂಭೀರ ಅಂಚಿನಲ್ಲಿರುವ ಪ್ರಭೇದಗಳ ಸಾಲಿಗೆ. ಅದಾದ ಮೇಲೆ ಉಳಿಯುವ ಮೆಟ್ಟಿಲುಗಳು ಎರಡೇ: ಕಾಡಿನಲ್ಲಿ, ನದಿಯಲ್ಲಿ ಅಳಿದು ಸೆರೆಯಲ್ಲಿ ಮಾತ್ರ ಉಳಿಯುವುದು ಒಂದು, ಪೂರ್ತಿ ಅಳಿಯುವುದು ಇನ್ನೊಂದು.

ಹೆಸರು ಬರುವವರೆಗೆ ಆ ಪಟ್ಟಿಯಲ್ಲಿ ಈ ಮೀನಿಗೆ ಜಾಗವಿರಲಿಲ್ಲ ಎಂಬುದನ್ನು ಗಮನಿಸಿ. ಅಪಾಯ ಎಷ್ಟು ಎಂದು ತೂಗಬೇಕಾದರೆ ಯಾವುದರ ಅಪಾಯ ಎಂದು ಮೊದಲು ಹೇಳಬೇಕು.

ಈಗ ಎಣಿಕೆಯ ಪಾಠಕ್ಕೆ ಬರೋಣ. ಕಾಡುಪ್ರಾಣಿಗಳನ್ನು ಎಣಿಸುವುದು ಕುರಿ ಎಣಿಸಿದಷ್ಟು ಸುಲಭವಲ್ಲ. ಒಂದು ಕೆರೆಯಲ್ಲಿ 50 ಮೀನು ಹಿಡಿದು, ಗುರುತು ಹಾಕಿ ಬಿಟ್ಟಿರಿ ಎನ್ನೋಣ. ಕೆಲವು ದಿನಗಳ ಮೇಲೆ ಮತ್ತೆ ಬಲೆ ಬೀಸಿದಾಗ 40 ಮೀನು ಸಿಕ್ಕವು, ಅದರಲ್ಲಿ 10ಕ್ಕೆ ನಿಮ್ಮ ಗುರುತಿದೆ. ಅಂದರೆ ಸಿಕ್ಕಿದ್ದರಲ್ಲಿ ನಾಲ್ಕನೇ ಒಂದು ಪಾಲು ಗುರುತಿನವು. ಹಾಗಾದರೆ ನೀವು ಗುರುತು ಹಾಕಿದ 50 ಕೂಡ ಒಟ್ಟು ಮೀನಿನ ನಾಲ್ಕನೇ ಒಂದು ಪಾಲು ಇರಬೇಕು, ಕೆರೆಯಲ್ಲಿ ಸುಮಾರು 200 ಮೀನು ಇವೆ. ಇದೇ ತತ್ವವನ್ನು ನಾಗರಹೊಳೆಯ ಹುಲಿಗಳಿಗೆ ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲಿ ಅನ್ವಯಿಸಿದರು. ಅಲ್ಲಿ ಗುರುತು ಹಾಕುವ ಪ್ರಮೇಯವೇ ಬರಲಿಲ್ಲ, ಹುಲಿಯ ಪಟ್ಟೆಗಳೇ ಗುರುತಾದವು, ಸ್ವಯಂಚಾಲಿತ ಕ್ಯಾಮೆರಾಗಳೇ ಬಲೆಯಾದವು. ಆದರೆ ಕಲ್ಲು, ಸುಳಿ, ಆಳವಾದ ಮಡುಗಳ ಕಾವೇರಿಯಲ್ಲಿ ನೀರಿನೊಳಗಿನ ಮೀನನ್ನು ಹೀಗೆ ಎಣಿಸುವುದು ಎಲ್ಲಿಂದ ಬಂತು?

ಇಲ್ಲಿ ನೆರವಿಗೆ ಬಂದದ್ದು ಗಾಳ ಹಾಕುವವರ ಪುಸ್ತಕ. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಿಂದ ಮೇಲೆ ಗಾಳಿಬೋರೆ, ದೊಡ್ಡಮಾಕಳಿ, ಭೀಮೇಶ್ವರಿಗಳಲ್ಲಿ ದೇಶವಿದೇಶಗಳ ಹವ್ಯಾಸಿಗಳು ಬಂದು ಮಹಶೀರ್‌ಗೆ ಗಾಳ ಹಾಕುತ್ತಿದ್ದರು. ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಬೇಯಿಸಿ, ಕೈತುಂಬುವ ಉಂಡೆ ಮಾಡಿ ಗಾಳಕ್ಕೆ ಮೆತ್ತುತ್ತಿದ್ದರು. ಹರಿಗೋಲು ನಡೆಸಿ, ಯಾವ ಬಂಡೆಯ ಮಗ್ಗುಲಲ್ಲಿ ಮೀನು ನಿಂತಿರುತ್ತದೆಂದು ತೋರಿಸಿಕೊಡುತ್ತಿದ್ದವರು ದಡದ ಊರುಗಳವರು. ಸಿಕ್ಕ ಮೀನಿನ ತೂಕ ನೋಡಿ ಮತ್ತೆ ನೀರಿಗೆ ಬಿಡಬೇಕೆಂಬುದು ಅಲ್ಲಿನ ನಿಯಮ. ಜೊತೆಗೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು: ಇಂಥ ದಿನ, ಇಷ್ಟು ಗಂಟೆ ಗಾಳ ಹಾಕಿದೆವು, ಇಷ್ಟು ಮೀನು, ಇಷ್ಟು ತೂಕ, ಇಂಥ ರೂಪದ್ದು. ಅಭಯಾರಣ್ಯದೊಳಗೆ ಗಾಳಕ್ಕೆ ತೆರೆಬಿದ್ದ 2012ರವರೆಗೆ ಈ ಬರವಣಿಗೆ ನಡೆಯಿತು. ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆಯನ್ನು ಪಿಂಡರ್, ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿ ಜರಡಿ ಹಿಡಿದು 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳಗಾರಿಕೆ, 6,161 ಮೀನು. ಅರ್ಧ ಕಿಲೋಕ್ಕೂ ಕಡಿಮೆಯವು ಇದ್ದವು, 46.8 ಕಿಲೋದ್ದೂ ಇತ್ತು.

ಸಿಕ್ಕ ಮೀನನ್ನಷ್ಟೇ ಎಣಿಸಿದರೆ ಏನೂ ತಿಳಿಯುವುದಿಲ್ಲ, ಹೆಚ್ಚು ಜನ ಹೆಚ್ಚು ಹೊತ್ತು ಗಾಳ ಹಾಕಿದರೆ ಹೆಚ್ಚು ಸಿಗುತ್ತದೆ. ಗಂಟೆಗೆ ಎಷ್ಟು ಎಂದು ಭಾಗಿಸಬೇಕು. ಹಾಗೆ ಭಾಗಿಸಿದಾಗ, ವರ್ಷದಿಂದ ವರ್ಷಕ್ಕೆ ಗಂಟೆಗೆ ಸಿಗುವ ಮಹಶೀರ್‌ಗಳ ಸಂಖ್ಯೆ ಏರುತ್ತ ಹೋಗಿತ್ತು! ಮೀನನ್ನು ಹಿಡಿದು ಬಿಡುವ ಪದ್ಧತಿ, ಕಾವಲು, ಎಲ್ಲವೂ ಫಲ ಕೊಟ್ಟಿದೆ ಎಂದು ಯಾರಾದರೂ ಸಂಭ್ರಮಿಸಬಹುದಾಗಿತ್ತು. ಒಂದು ಸಣ್ಣ ಅನುಮಾನ ಮಾತ್ರ ಉಳಿಯುತ್ತಿತ್ತು: ಸರಾಸರಿ ತೂಕ ಇಳಿಯುತ್ತಿದೆಯಲ್ಲ, ಏಕೆ?

ಎರಡು ರೂಪಗಳನ್ನು ಬೇರೆ ಮಾಡಿ ಎಣಿಸಿದಾಗ ಉತ್ತರ ಸಿಕ್ಕಿತು. ಏರುತ್ತಿದ್ದುದು ನೀಲಿರೆಕ್ಕೆ ಮಾತ್ರ. ಗೂನುಬೆನ್ನು ಕುಸಿಯುತ್ತಿತ್ತು. ಅದಕ್ಕಿಂತ ಭಯಪಡಿಸುವ ಸಂಗತಿ ಅದರ ವಯಸ್ಸಿನಲ್ಲಿತ್ತು. ಸಿಗುತ್ತಿದ್ದ ಕೆಲವೇ ಗೂನುಬೆನ್ನಿನವು ದೊಡ್ಡವು, ಮುದಿಯಾದವು. ಮರಿಗಳಿಲ್ಲ, ಪ್ರಾಯದವಿಲ್ಲ. ಮುದುಕರು ಮಾತ್ರ ಉಳಿದು, ವರ್ಷಗಳಿಂದ ತೊಟ್ಟಿಲು ಕಟ್ಟದ ಊರಿನ ಸ್ಥಿತಿ ಅದು. ಗಾಳಕ್ಕೆ 40 ಕಿಲೋದ ಮೀನು ಬಿದ್ದಾಗ ಹಿಡಿದವನಿಗೆ ಹಬ್ಬ. ಆದರೆ ಆ ಮೀನಿನ ಹಿಂದೆ ಬರಬೇಕಾಗಿದ್ದ ತಲೆಮಾರು ನದಿಯಲ್ಲಿರಲಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಿಮ್ಮ ಪುಸ್ತಕದಲ್ಲಿ ವಯೋರಚನೆಯ ಮೂರು ಚಿತ್ರಗಳಿವೆ: ಅಗಲ ಬುಡದ ಗೋಪುರ, ಗಂಟೆಯಾಕಾರ, ಬುಡ ಕಿರಿದಾದ ಕಳಶದಾಕಾರ. ಎರಡು ಅಂಕದ ಪ್ರಶ್ನೆಯೆಂದು ಅವನ್ನು ದಾಟಿಹೋಗಬೇಡಿ. ಒಟ್ಟು ಸಂಖ್ಯೆ ಈ ಕ್ಷಣದ ಲೆಕ್ಕವನ್ನಷ್ಟೇ ಹೇಳುತ್ತದೆ, ವಯೋರಚನೆ ಮುಂದಿನ ಇಪ್ಪತ್ತು ವರ್ಷಗಳನ್ನು ಹೇಳುತ್ತದೆ. ಬೆಲ್ಜಿಯಂನ ವೆರ್ಹುಲ್ಸ್ಟ್ 1838ರಲ್ಲಿ ಬರೆದ ಸಮೀಕರಣ ಕೂಡ ಅಲ್ಲೇ ಇದೆ: ಜೀವಿಸಂಖ್ಯೆ ಮೊದಲು ನಿಧಾನ, ಆಮೇಲೆ ವೇಗ, ಕೊನೆಗೆ ನೆಲೆಯ ಧಾರಣ ಸಾಮರ್ಥ್ಯಕ್ಕೆ ಬಂದು ನಿಲ್ಲುತ್ತದೆ ಎಂಬ ಆ ಎಸ್ ಆಕಾರದ ರೇಖೆ. ಸುಂದರವಾದ ಗಣಿತ ಅದು. ಆದರೆ ಸಂಖ್ಯೆ ಕಡಿಮೆಯಾದರೆ ಸಾಕು, ಪೈಪೋಟಿ ತಗ್ಗಿ ತಾನಾಗಿಯೇ ಮತ್ತೆ ಏರುತ್ತದೆ ಎಂಬ ಭರವಸೆ ಅದರೊಳಗೆ ಅಡಗಿದೆ. ಮರಿಯಾಗಲು ಜಾಗವೇ ಇಲ್ಲದ ನದಿಯಲ್ಲಿ ಆ ಭರವಸೆ ನಿಲ್ಲುವುದಿಲ್ಲ. ಸಂಖ್ಯೆ ತೀರ ಇಳಿದಾಗ ಗಂಡು ಹೆಣ್ಣುಗಳು ಒಂದನ್ನೊಂದು ಕಾಣುವುದೇ ಕಷ್ಟವಾಗಿ, ಇಳಿತ ಇನ್ನಷ್ಟು ಬಿರುಸಾಗುವುದೂ ಉಂಟು.

ಮಹಶೀರ್ ಮಳೆಗಾಲದ ನೀರು ಹಿಡಿದು ಮೇಲಕ್ಕೆ ಈಜಿ, ಜಲ್ಲಿಕಲ್ಲುಗಳ ನಡುವೆ, ಸ್ವಚ್ಛವಾದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಮೀನು. ಕಟ್ಲಾ ರೋಹುಗಳ ಹಾಗೆ ಲಕ್ಷಾಂತರ ಮೊಟ್ಟೆ ಚೆಲ್ಲುವುದಿಲ್ಲ, ಪ್ರಾಯಕ್ಕೆ ಬರುವುದೂ ತಡ. ಅದರ ದಾರಿಯಲ್ಲಿ ಏನೇನು ಬಂದಿದೆ ನೋಡಿ: ಕನ್ನಂಬಾಡಿ ಕಟ್ಟೆ, 1934ರಲ್ಲಿ ಮೆಟ್ಟೂರು, 1974ರಲ್ಲಿ ಕಬಿನಿ, ಉಪನದಿಗಳಿಗೆಲ್ಲ ಒಂದೊಂದು. ಈ ಕಟ್ಟೆಗಳಿಂದ ಮಂಡ್ಯ, ಮೈಸೂರು, ತಂಜಾವೂರುಗಳ ಗದ್ದೆಗಳು ಹಸಿರಾದವು, ನಾನು ಅದನ್ನು ಅಲ್ಲಗಳೆಯುವವನಲ್ಲ. ಆದರೆ ಮೀನಿನ ದಾರಿ ಮುಚ್ಚಿತು ಎಂಬುದೂ ಅಷ್ಟೇ ನಿಜ. ಮೇಲೆ ಮರಳು ಬಗೆಯುವುದು, ಕೊಳಚೆ ನೀರು, ಬೇಸಿಗೆಯಲ್ಲಿ ಮಡುವಿಗೆ ಸಿಡಿಮದ್ದು ಎಸೆಯುವುದು. ಸಿಡಿಮದ್ದು ದೊಡ್ಡದು ಚಿಕ್ಕದು ನೋಡುವುದಿಲ್ಲ, ಮಡುವಿನಲ್ಲಿದ್ದ ಮರಿಗಳೆಲ್ಲ ಒಟ್ಟಿಗೇ ಹೋಗುತ್ತವೆ.

ಇವೆಲ್ಲ ನಮಗೆ ಪರಿಚಿತವಾದ ಕಾರಣಗಳು. ಗೂನುಬೆನ್ನಿನ ಕಥೆಯಲ್ಲಿ ಮನಸ್ಸಿಗೆ ಹೆಚ್ಚು ನೋವಾಗುವ ಇನ್ನೊಂದು ಕಾರಣವಿದೆ, ಅದು ಒಳ್ಳೆಯ ಉದ್ದೇಶದಿಂದ ಹುಟ್ಟಿದ್ದು. ಎಪ್ಪತ್ತರ ದಶಕದಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಮಹಶೀರ್‌ನ ಕೃತಕ ಸಂತಾನೋತ್ಪತ್ತಿಯಲ್ಲಿ ಯಶಸ್ಸು ಕಂಡರು. ಮೀನುಮರಿ ಸಾಕಣೆಯ ಚರಿತ್ರೆಯಲ್ಲಿ ಅದು ದೊಡ್ಡ ಸಾಧನೆಯೇ. ಅಲ್ಲಿ ಬೆಳೆಸಿದ್ದು ಆ ಸೀಮೆಯ ನೀಲಿರೆಕ್ಕೆಯನ್ನು. ಮಹಶೀರ್ ಕಡಿಮೆಯಾಗುತ್ತಿದೆ, ಮರಿ ಬಿಟ್ಟು ಹೆಚ್ಚಿಸೋಣ ಎಂದು ಆ ಮರಿಗಳನ್ನು ದೇಶದ ಬೇರೆ ಬೇರೆ ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಎಲ್ಲವೂ ಮಹಶೀರ್ ತಾನೇ ಎಂಬ ನಂಬಿಕೆ. ಕೃಷ್ಣೆಯ ಕಡೆಯ ಮೀನು ಕಾವೇರಿಯಲ್ಲಿ ಬೇರೂರಿತು, ಹೆಚ್ಚಿತು. ಅದರ ಏರಿಕೆಯೂ ಗೂನುಬೆನ್ನಿನ ಇಳಿಕೆಯೂ ಜೊತೆಜೊತೆಯಾಗಿಯೇ ನಡೆದವೆಂದು ಗಾಳಿಬೋರೆಯ ದಾಖಲೆ ತೋರಿಸುತ್ತದೆ. ಒಂದೇ ಬಗೆಯ ಆಹಾರ, ಒಂದೇ ಬಗೆಯ ನೆಲೆ ಬೇಡುವ ಎರಡು ಪ್ರಭೇದಗಳು ಎದುರುಬದುರಾದಾಗ ಒಂದು ಹಿಂದೆ ಸರಿಯಬೇಕಾಗುತ್ತದೆ ಎಂಬುದು ಇದೇ ಪಠ್ಯದ ಇನ್ನೊಂದು ಪುಟ.

ಇನ್ನೂ ಒಂದು ವಿಚಾರ. ನೀಲಿರೆಕ್ಕೆಯನ್ನೇ ಕೆಂಪು ಪಟ್ಟಿಯಲ್ಲಿ ಆಗ ಅಪಾಯದಲ್ಲಿರುವ ಪ್ರಭೇದವೆಂದು ನಮೂದಿಸಿದ್ದರು. ಹೀಗಾಗಿ ಅದರ ಮರಿ ಬಿಡುವುದು ಸಂರಕ್ಷಣೆಯ ಕೆಲಸವೆಂದೇ ಎನಿಸಿಕೊಂಡಿತ್ತು. 2018ರಲ್ಲಿ ಮರುಪರಿಶೀಲಿಸಿ ಅದನ್ನು ಚಿಂತೆಯಿಲ್ಲದ ಪಟ್ಟಿಗೆ ಇಳಿಸಿದರು. ಅದೇ ವರ್ಷ ಗೂನುಬೆನ್ನು ಅತ್ಯಂತ ಅಪಾಯದ ಪಟ್ಟಿಗೆ ಏರಿತು. ಮಹಶೀರ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಎರಡನ್ನೂ ಬರೆದಿಟ್ಟಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ದೊಡ್ಡ ನದಿಮೀನುಗಳ ಅಳಿವು ಹೇಗೆ ಸಾಗುತ್ತದೆ ಎಂಬುದಕ್ಕೆ ಚೀನಾದ ಯಾಂಗ್ಟ್ಸಿ ನದಿಯ ಪ್ಯಾಡಲ್ ಮೀನು ಒಂದು ನಿದರ್ಶನ. ದೋಣಿಯ ಹುಟ್ಟಿನಂಥ ಉದ್ದ ಮೂತಿಯ, ಮನುಷ್ಯನಿಗಿಂತ ಉದ್ದ ಬೆಳೆಯುತ್ತಿದ್ದ ಮೀನು. 1981ರಲ್ಲಿ ಗೆಝೌಬಾ ಅಣೆಕಟ್ಟು ನದಿಗೆ ಅಡ್ಡಬಂದು, ಮೊಟ್ಟೆಯಿಡುವ ತಾಣಕ್ಕೂ ಕೆಳಗಿನ ಮೀನುಗಳಿಗೂ ನಡುವೆ ಗೋಡೆ ನಿಂತಿತು. ಆದರೆ ಮೀನು ಆ ವರ್ಷವೇ ಅಳಿಯಲಿಲ್ಲ. ಬೆಳೆದ ಮೀನುಗಳು ಅಲ್ಲೊಂದು ಇಲ್ಲೊಂದು ಎರಡು ದಶಕ ಕಾಣಿಸಿಕೊಂಡವು. 2003ರಲ್ಲಿ ಕೊನೆಯ ಬಾರಿ ಜೀವಂತವಾಗಿ ಕಂಡಿತು. ಅಳಿದುಹೋಗಿದೆ ಎಂದು ಅಧಿಕೃತವಾಗಿ ಘೋಷಿಸಿದ್ದು 2022ರಲ್ಲಿ. ಕಾರಣಕ್ಕೂ ಘೋಷಣೆಗೂ ನಡುವೆ 41 ವರ್ಷ. ಬಹುಕಾಲ ಬದುಕುವ ಜೀವಿಗಳಲ್ಲಿ ಅಳಿವು ಹೀಗೆ ಸಾಲದಂತೆ ಬೆಳೆಯುತ್ತ ಹೋಗುತ್ತದೆ, ತೀರಿಸುವ ದಿನ ಬಂದಾಗಲೇ ಊರಿಗೆ ಸುದ್ದಿ.

ಗೂನುಬೆನ್ನಿನ ವಿಷಯದಲ್ಲಿ ಆ ದಿನ ಇನ್ನೂ ಬಂದಿಲ್ಲ. ಮೋಯಾರ್‌ನಲ್ಲಿ ಮೀನು ಇದೆ ಎಂಬುದನ್ನು 2018ರ ಅಧ್ಯಯನವೇ ತೋರಿಸಿದೆ. ಆದ್ದರಿಂದ ಮಾಡಬೇಕಾದ ಕೆಲಸಗಳ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಕಾವೇರಿ ಕೊಳ್ಳದ ಯಾವ ನದಿಗೂ, ಯಾವ ಜಲಾಶಯಕ್ಕೂ ನೀಲಿರೆಕ್ಕೆಯ ಮರಿ ಬಿತ್ತನೆ ಆಗಬಾರದು. ಮಹಶೀರ್ ಮರಿ ಬಿಡುವ ಕಾರ್ಯಕ್ರಮಕ್ಕೆ ಗಣ್ಯರು ಬಂದು ಬುಟ್ಟಿ ಬಗ್ಗಿಸುವ ಮುಂಚೆ ಅಲ್ಲಿರುವ ಯಾರಾದರೊಬ್ಬರು ಕೇಳಬೇಕು: ಇದು ಯಾವ ಪ್ರಭೇದ, ಯಾವ ನದಿಯದು? ಆ ಪ್ರಶ್ನೆ ಕೇಳಲು ಪಿಯುಸಿಯ ಮೊದಲ ಪಾಠ ಓದಿದ್ದರೆ ಸಾಕು.

ಎರಡನೆಯದು ದಾಖಲೆ. ಗಾಳದವರ ಪುಸ್ತಕ 2012ಕ್ಕೆ ನಿಂತಿತು. ಆ ಜಾಗ ತುಂಬಬೇಕಾದವರು ನದಿಯ ಪಕ್ಕದ ನಮ್ಮ ಕಾಲೇಜುಗಳವರು, ಮೀನುಗಾರರ ಸಹಕಾರ ಸಂಘದವರು. ಕುಶಾಲನಗರ, ಕೃಷ್ಣರಾಜನಗರ, ಶ್ರೀರಂಗಪಟ್ಟಣ, ಟಿ. ನರಸೀಪುರ, ಕೊಳ್ಳೇಗಾಲ, ಕನಕಪುರ, ಈ ಊರುಗಳ ಜೀವಶಾಸ್ತ್ರ ಅಧ್ಯಾಪಕರಲ್ಲಿ ನನ್ನ ವಿನಂತಿ. ಬಲೆಗೆ ಅಥವಾ ಸಂತೆಗೆ ಮಹಶೀರ್ ಬಂದಾಗ ಒಂದು ಪಕ್ಕದಿಂದ ಪೂರ್ತಿ ಮೈ ಕಾಣುವಂತೆ ಫೋಟೊ ತೆಗೆಸಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಗೂನು ತಲೆಯ ಹಿಂದಿನಿಂದಲೇ ಏಳುತ್ತದೆಯೇ, ಬಾಲದ ಬಣ್ಣ ಕಿತ್ತಳೆಯೇ ನೀಲಿಯೇ, ಉದ್ದ ಎಷ್ಟು, ಯಾವ ಮಡು, ಯಾವ ದಿನ, ಇಷ್ಟನ್ನು ಬರೆದಿಡಿ. ಬಾಲದ ಬಣ್ಣವನ್ನು ಮೀನು ಸತ್ತು ಒಣಗುವ ಮುಂಚೆಯೇ ನೋಡಬೇಕು, ಆಮೇಲೆ ಮಾಸಿಹೋಗುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನನಗೆ ತಿಳಿದಿಲ್ಲ. ಅರ್ಧ ಕಿಲೋಕ್ಕಿಂತ ಚಿಕ್ಕದಾದ ಗೂನುಬೆನ್ನಿನ ಮರಿಯೊಂದರ ಫೋಟೊ ಸಿಕ್ಕರೆ, ಆ ಮಡುವಿನ ಮೇಲೆಲ್ಲೋ ಇನ್ನೂ ಮೊಟ್ಟೆ ಒಡೆಯುತ್ತಿದೆ ಎಂದರ್ಥ. ಕೂಡಲೇ ಮೀನುಗಾರಿಕೆ ಇಲಾಖೆಗೆ, ಹತ್ತಿರದ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಿಳಿಸಿ. ಮೀನನ್ನು ಜೀವಂತವಾಗಿ ಅದೇ ಮಡುವಿಗೆ ಬಿಡಿ.

ಇದುವರೆಗೆ ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.